ಅಣೆಕಟ್ಟಿನ ಕುತ್ತಿಗೆ, ಹೊಳೆಯ ದಂಡೆ

ಇಂದು ಪದವಿ ಪಡೆಯುತ್ತಿರುವ ನನ್ನ ಕಿರಿಯ ಇಂಜಿನಿಯರುಗಳೇ,

1967ರ ಡಿಸೆಂಬರಿನಲ್ಲಿ ನನಗೆ ಎಂಟು ವರ್ಷ. ಅಥಣಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಊರು ನಮ್ಮದು. 11ನೇ ತಾರೀಖಿನ ನಸುಕಿನಲ್ಲಿ ಅಡುಗೆಮನೆಯ ಹಿತ್ತಾಳೆ ಕೊಡಗಳು ತಾವಾಗಿಯೇ ಗಲಗಲ ಅಂದವು. ಕೊಟ್ಟಿಗೆಯಲ್ಲಿ ದನ ಒದರಿದವು. ಅಜ್ಜಿ ನನ್ನನ್ನು ಕೌದಿ ಸಮೇತ ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಕೊಯ್ನಾದಲ್ಲಿ ಭೂಕಂಪವಾಗಿದೆ ಎಂಬ ಸುದ್ದಿ ಬಂದಾಗ ಊರ ಹಿರಿಯರು ಮನೆಗಳ ಗೋಡೆ ನೋಡಲು ಹೋಗಲಿಲ್ಲ, ಹೊಳೆಯ ದಂಡೆಗೆ ಹೋಗಿ ನಿಂತರು. ಚಳಿಗಾಲದ ತಿಳಿನೀರು ಎಂದಿನಂತೆಯೇ ಹರಿಯುತ್ತಿತ್ತು. 'ಡ್ಯಾಮ್ ಉಳದೈತಿ' ಎಂದರು ಒಬ್ಬರು. ಅವರಲ್ಲಿ ಯಾರೂ ಆ ಅಣೆಕಟ್ಟನ್ನು ಕಣ್ಣಾರೆ ಕಂಡವರಲ್ಲ. ಆದರೂ ತಮ್ಮ ತಲೆಯ ಮೇಲೆ ಏನು ನಿಂತಿದೆ ಎಂಬುದು ಅವರಿಗೆ ಗೊತ್ತಿತ್ತು. ನಾನು ಇಂಜಿನಿಯರ್ ಆದದ್ದಕ್ಕೆ ಆ ಬೆಳಗೇ ಕಾರಣ. ಅದಕ್ಕಾಗಿಯೇ ಇವತ್ತು ನಿಮಗೆ ಕೊಯ್ನಾದ ಕಥೆ ಹೇಳುತ್ತೇನೆ.

ಸಾತಾರಾ ಜಿಲ್ಲೆಯಲ್ಲಿ ಸಹ್ಯಾದ್ರಿಯ ನಡುವೆ 103 ಮೀಟರ್ ಎತ್ತರಕ್ಕೆ ಎದ್ದ ಅಣೆಕಟ್ಟು ಅದು. 1962ರಿಂದ ನೀರು ತುಂಬತೊಡಗಿತು. ನೀರು ತುಂಬಿದ್ದೇ ತಡ, ಸುತ್ತಲಿನ ನೆಲ ಸಣ್ಣಗೆ ಗುಡುಗಲು ಶುರುಮಾಡಿತು. ದಖ್ಖನ್ ಪ್ರಸ್ಥಭೂಮಿ ಅಲುಗದ ನೆಲ ಎಂದೇ ಎಲ್ಲರೂ ನಂಬಿದ್ದ ಕಾಲ. ಹೀಗಾಗಿ, ಭೂಕಂಪ ಬಂದರೆ ಅಣೆಕಟ್ಟಿನ ತೂಕದ ಶೇ. 5ರಷ್ಟು ಬಲ ಅಡ್ಡಡ್ಡಲಾಗಿ ತಳ್ಳಬಹುದು ಎಂದು ಲೆಕ್ಕ ಹಾಕಿದ್ದರು. ಅಂದಿನ ರೂಢಿಗೆ ಅದು ತಪ್ಪು ಲೆಕ್ಕವೇನಲ್ಲ. ಆದರೆ ಡಿಸೆಂಬರ್ 11ರಂದು, ನಸುಕಿನ ನಾಲ್ಕೂ ಕಾಲು ಗಂಟೆ ದಾಟಿದಾಗ, ಅಣೆಕಟ್ಟಿನೊಳಗೇ ಇಟ್ಟಿದ್ದ ಯಂತ್ರ ಬರೆದಿಟ್ಟ ವೇಗೋತ್ಕರ್ಷ ಗುರುತ್ವಾಕರ್ಷಣೆಯ ಅರ್ಧದಷ್ಟಿತ್ತು. ಸುಮಾರು 180 ಜನ ಸತ್ತರು. ಕೊಯ್ನಾನಗರದ ಮನೆಗಳು ನೆಲಕಚ್ಚಿದವು.

ಅಣೆಕಟ್ಟು ನಿಂತಿತು. ಆದರೆ ಕುತ್ತಿಗೆಯಲ್ಲಿ ಸೀಳಿತು. ಕುತ್ತಿಗೆ ಎನ್ನುವ ಮಾತು ನನ್ನದಲ್ಲ, ನಮ್ಮ ಕಸುಬಿನದು. ಕೊಯ್ನಾದ ಅಡ್ಡಕೊಯ್ತ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಕಾಂಕ್ರೀಟಿನ ಬಿರುಕನ್ನು ಲೆಕ್ಕ ಮಾಡುವ ಸಾಫ್ಟ್‌ವೇರ್‌ಗಳಲ್ಲೂ ಅದು ಉದಾಹರಣೆಯಾಗಿ ಸಿಗುತ್ತದೆ. ನೀರಿಲ್ಲದ ಮಗ್ಗುಲಿನಲ್ಲಿ ಬುಡದಿಂದ ಇಳಿಜಾರಾಗಿ ಏರುವ ಮುಖ, ತುದಿಯಿಂದ ಮೂವತ್ತಾರು ಮೀಟರ್ ಕೆಳಗೆ ತಟ್ಟನೆ ಬಹುಪಾಲು ನೆಟ್ಟಗೆ ತಿರುಗುತ್ತದೆ. ನೆಲ ಅಲುಗಿದಾಗ ಅಣೆಕಟ್ಟು ಒಂದೇ ಬಂಡೆಯಂತೆ ಅಲುಗುವುದಿಲ್ಲ, ಜೋಳದ ದಂಟಿನಂತೆ ತೂಗುತ್ತದೆ. ಬುಡಕ್ಕಿಂತ ತಲೆಗೆ ಹೊಡೆತ ಎಷ್ಟೋ ಪಾಲು ಹೆಚ್ಚು. ಮೇಲಿನಿಂದ ಕೆಳಗಿನವರೆಗೂ ಒಂದೇ ಬಲ ಎಂದು ಹಿಡಿದ ಹಳೆಯ ಲೆಕ್ಕದಲ್ಲಿ ಈ ತೂಗಾಟಕ್ಕೆ ಜಾಗವೇ ಇರಲಿಲ್ಲ. ಸಾಲದ್ದಕ್ಕೆ ಎದುರಿನ ನೀರು ಕೂಡ ಅಣೆಕಟ್ಟನ್ನು ತಳ್ಳುತ್ತದೆ, ಎಳೆಯುತ್ತದೆ. ನೀರಿನ ಆ ಬಲವನ್ನು ವೆಸ್ಟರ್‌ಗಾರ್ಡ್ 1933ರಲ್ಲೇ ಲೆಕ್ಕ ಮಾಡಿ ತೋರಿಸಿದ್ದರು. ಕಾಂಕ್ರೀಟು ಒತ್ತಿದರೆ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ಎಳೆತವೆಲ್ಲ ಇಳಿಜಾರು ತಿರುಗುವ ಆ ಕುತ್ತಿಗೆಯಲ್ಲೇ ಬಂದು ನಿಂತಿತು. ನೀರು ಕೋಡಿ ಹರಿಯದ ಭಾಗದ ಹಲವು ಬ್ಲಾಕುಗಳಲ್ಲಿ, ಎರಡೂ ಮುಖಗಳಲ್ಲಿ, ಅಡ್ಡ ಬಿರುಕುಗಳು ಕಂಡವು.

ಮುಂದೆ ನಡೆದದ್ದನ್ನು ನಾನು ದುರಸ್ತಿ ಎಂದು ಕರೆಯುವುದಿಲ್ಲ, ಶುಶ್ರೂಷೆ ಎನ್ನುತ್ತೇನೆ. ಬಿರುಕುಗಳೊಳಗೆ ಎಪಾಕ್ಸಿ ಅಂಟನ್ನು ಒತ್ತಡದಿಂದ ತುಂಬಿದರು. ಎತ್ತರದ ಬ್ಲಾಕುಗಳಿಗೆ ಮೇಲಿನಿಂದ ರಂಧ್ರ ಕೊರೆದು ಉಕ್ಕಿನ ಕೇಬಲ್ ಇಳಿಸಿ, ಬಿಗಿದು, ಎಳೆತಕ್ಕೆ ಬಿದ್ದ ಕುತ್ತಿಗೆಯನ್ನು ಮತ್ತೆ ಒತ್ತಡಕ್ಕೆ ತಂದರು. ಒಡಲೊಳಗೆ ಸೇರಿದ ನೀರಿನ ಒತ್ತಡ ಇಳಿಸಲು ಬೇರೆ ರಂಧ್ರಗಳನ್ನು ಕೊರೆದರು. ಆಮೇಲೆ ಹಿಂಬದಿಯಿಂದ ಕಾಂಕ್ರೀಟಿನ ಆನಿಕೆಗಳನ್ನು ಕಟ್ಟಿ ಕುತ್ತಿಗೆಗೆ ಭುಜ ಕೊಟ್ಟರು. ಹಳೆಯ ಕಾಂಕ್ರೀಟಿಗೆ ಹೊಸದನ್ನು ಬೆಸೆಯುವುದು ಹೇಳಿದಷ್ಟು ಸುಲಭವಲ್ಲ. ಹೊಸದು ಬಿಸಿಯಾಗುತ್ತದೆ, ತಣಿಯುತ್ತ ಕುಗ್ಗುತ್ತದೆ. ಹಳೆಯದು ತನ್ನ ಕುಗ್ಗುವಿಕೆಯನ್ನೆಲ್ಲ ಎಂದೋ ಮುಗಿಸಿ ಕೂತಿರುತ್ತದೆ. ಎರಡೂ ಒಂದೇ ಮೈಯಾಗಿ ಭಾರ ಹೊರದಿದ್ದರೆ ಸುರಿದ ಕಾಂಕ್ರೀಟೆಲ್ಲ ಬರೀ ಅಲಂಕಾರ. ಹಳೆಯ ಮುಖವನ್ನು ಉಳಿಯಿಂದ ಒರಟು ಮಾಡಿದವರ, ತೊಳೆದವರ, ರಾತ್ರಿಯ ತಂಪಿನಲ್ಲಿ ಕಾಂಕ್ರೀಟು ಸುರಿದವರ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ. ಇಂಥ ಕೆಲಸ ನಡೆಯುವ ಕಡೆಯಲ್ಲೆಲ್ಲ ಹೀಗೇ.

ಕೋಡಿ ಹರಿಯದ ಭಾಗದ ಬಲವರ್ಧನೆ 1973ಕ್ಕೆ ಮುಗಿಯಿತು. ಕೋಡಿ ಹರಿಯುವ ಭಾಗದ ಬಲವರ್ಧನೆ ಮುಗಿದದ್ದು 2006ಕ್ಕೆ. ಈ ಎರಡು ಇಸವಿಗಳನ್ನು ನೆನಪಿನಲ್ಲಿಡಿ. ನಡುವಿನ ಮೂವತ್ತಮೂರು ವರ್ಷ ಯಾರೂ ನಿದ್ದೆ ಮಾಡಲಿಲ್ಲ. ಹೊಸ ಭೂಕಂಪಗಳು ಬಂದವು, ಹೊಸ ಲೆಕ್ಕಗಳು ಬಂದವು. ಅನಿಲ್ ಚೋಪ್ರಾ ಅವರಂಥ ಸಂಶೋಧಕರು ಕೊಯ್ನಾವನ್ನೇ ಎದುರಿಗಿಟ್ಟುಕೊಂಡು ಅಣೆಕಟ್ಟು, ನೀರು, ಬುಡದ ಬಂಡೆ ಮೂರೂ ಒಟ್ಟಿಗೆ ಹೇಗೆ ತೂಗುತ್ತವೆ ಎಂಬ ಗಣಿತವನ್ನು ಕಟ್ಟಿದರು. ಅದಕ್ಕೂ ಮೊದಲೇ, 1970ರಲ್ಲಿ, ನಮ್ಮ ಭೂಕಂಪ ಸಂಹಿತೆ ತಿದ್ದುಪಡಿಯಾಗಿ, ಅಪಾಯವೇ ಇಲ್ಲದ ಸೊನ್ನೆ ವಲಯ ಎಂಬುದು ನಕ್ಷೆಯಿಂದ ಅಳಿದುಹೋಯಿತು. ಕಟ್ಟಡ ಅಲ್ಲೇ ನಿಂತಿತ್ತು, ಜ್ಞಾನ ಅದನ್ನು ದಾಟಿ ಮುಂದೆ ಹೋಯಿತು. ಅದಕ್ಕೇ ಅಣೆಕಟ್ಟನ್ನು ಮತ್ತೆ ಮತ್ತೆ ಹೊಸ ಜ್ಞಾನದ ಹತ್ತಿರಕ್ಕೆ ಎಳೆದು ತರಬೇಕಾಯಿತು. ನಿಮ್ಮ ತಲೆಮಾರಿನ ಕೆಲಸ ಬಹುಪಾಲು ಇದೇ ಎಂದು ನಾನು ನಂಬಿದ್ದೇನೆ. ಹೊಸ ಅಣೆಕಟ್ಟಿನ ಶಂಕುಸ್ಥಾಪನೆಯಲ್ಲಿ ನಿಲ್ಲುವ ಅವಕಾಶ ನಿಮ್ಮಲ್ಲಿ ಕೆಲವರಿಗಷ್ಟೇ ಸಿಕ್ಕೀತು. ಅಜ್ಜಂದಿರು ಕಟ್ಟಿಟ್ಟದ್ದನ್ನು ಕಾಯುವ ಭಾರ ಮಾತ್ರ ನಿಮ್ಮೆಲ್ಲರ ಹೆಗಲಿಗೂ ಬರುತ್ತದೆ.

ಈಗ ಒಂದು ಪ್ರಶ್ನೆ. ಆ ಭೂಕಂಪ ಡಿಸೆಂಬರಿನ ಬದಲು ಮಳೆಗಾಲದ ಆಗಸ್ಟ್‌ನಲ್ಲಿ ಬಂದಿದ್ದರೆ?

ಕುತ್ತಿಗೆ ಬಿರಿದ ಅಣೆಕಟ್ಟಿಗೆ ಮೊದಲ ಚಿಕಿತ್ಸೆ ಎಂದರೆ ಎದುರಿನ ನೀರಿನ ಮಟ್ಟ ಇಳಿಸುವುದು. ಅಮೆರಿಕದ ಲಾಸ್ ಏಂಜಲೀಸ್ ಬಳಿ 1971ರ ಫೆಬ್ರವರಿ 9ರಂದು ಇದನ್ನೇ ಮಾಡಬೇಕಾಗಿ ಬಂತು. ಭೂಕಂಪಕ್ಕೆ ಲೋವರ್ ಸ್ಯಾನ್ ಫೆರ್ನಾಂಡೊ ಎಂಬ ಮಣ್ಣಿನ ಅಣೆಕಟ್ಟಿನ ನೀರಿನ ಕಡೆಯ ಮಗ್ಗುಲು ತುದಿ ಸಮೇತ ಜಾರಿಬಿತ್ತು. ನೀರಿಗೂ ಉಳಿದ ಮಣ್ಣಿನ ತುದಿಗೂ ನಡುವೆ ಉಳಿದದ್ದು ಸುಮಾರು ಒಂದೂವರೆ ಮೀಟರ್. ಜಲಾಶಯ ಅಂದು ಪೂರ್ತಿ ತುಂಬಿರಲಿಲ್ಲ, ಅದೇ ಪುಣ್ಯ. ಕೆಳಗಿನ ಸುಮಾರು 80,000 ಜನರನ್ನು ಮನೆ ಬಿಡಿಸಿ, ನಾಲ್ಕು ದಿನ ಹಗಲೂ ರಾತ್ರಿ ನೀರು ಇಳಿಸಿದರು.

ನಮ್ಮ ಆಗಸ್ಟ್‌ನಲ್ಲಿ ನೀರು ಇಳಿಸುವುದು ಎಲ್ಲಿಗೆ? ಕೊಯ್ನಾ ಜಲಾಶಯ 105 ಟಿಎಂಸಿಯದು. ಕರಾಡದಲ್ಲಿ ಕೊಯ್ನಾ ನದಿ ಕೃಷ್ಣೆಗೆ ಕೂಡುತ್ತದೆ. ಸಾಂಗ್ಲಿಯ ಹತ್ತಿರ ವಾರಣಾ ಬರುತ್ತದೆ, ನರಸೋಬಾವಾಡಿಯಲ್ಲಿ ಪಂಚಗಂಗಾ ಬರುತ್ತದೆ, ಕಲ್ಲೋಳದ ಬಳಿ ದೂಧಗಂಗಾ. ಅಷ್ಟೂ ನೀರು ಚಿಕ್ಕೋಡಿ, ಕಾಗವಾಡ, ಅಥಣಿ, ರಾಯಬಾಗದ ಊರುಗಳನ್ನು ಹಾದು ಆಲಮಟ್ಟಿಗೆ ಹೋಗಬೇಕು. 2019ರ ಆಗಸ್ಟ್‌ನಲ್ಲಿ ಯಾವ ಅಣೆಕಟ್ಟೂ ಬಿರಿದಿರಲಿಲ್ಲ, ಬರೀ ಮಳೆ. ಅಷ್ಟಕ್ಕೇ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಬೇಕಾಯಿತು. ನಮ್ಮ ಊರಿನ ಜನ ದನಕರು ಹೊಡೆದುಕೊಂಡು ಕಾಳಜಿ ಕೇಂದ್ರ ಸೇರಿದರು. ನಮ್ಮ ಹಳೆಯ ಮನೆಯ ಗೋಡೆಯ ಮೇಲೆ ಆ ನೀರಿನ ಕೆಸರು ಗೆರೆ ಇನ್ನೂ ಇದೆ, ಅಳಿಸಬೇಡ ಎಂದು ನಾನೇ ತಮ್ಮನಿಗೆ ಹೇಳಿದ್ದೇನೆ.

ಆದ್ದರಿಂದಲೇ ಭೂಕಂಪದ ಭದ್ರತೆ ಒಂದು ವಿಭಾಗದ ಕಡತ, ಪ್ರವಾಹ ನಿಯಂತ್ರಣ ಇನ್ನೊಂದು ವಿಭಾಗದ ಕಡತ ಎನ್ನುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅಪಾಯ ಬಂದಾಗ ಅಣೆಕಟ್ಟನ್ನು ಎಷ್ಟು ಬೇಗ ಹಗುರ ಮಾಡಬಹುದು ಎಂಬುದನ್ನು ನಿರ್ಧರಿಸುವುದು ಗೇಟಿನ ಗಾತ್ರವೊಂದೇ ಅಲ್ಲ, ಕೆಳಗಿನ ನದಿಪಾತ್ರವೂ ಹೌದು. ದಂಡೆಯನ್ನು ಒತ್ತಿ ಬಡಾವಣೆ ಎಬ್ಬಿಸಿದರೆ, ಸಾಕಷ್ಟು ಕಂಡಿಯಿಲ್ಲದ ಸೇತುವೆ ಕಟ್ಟಿದರೆ, ನೂರು ಕಿಲೋಮೀಟರ್ ಮೇಲಿರುವ ಅಣೆಕಟ್ಟಿನ ಭದ್ರತೆಗೂ ಕುತ್ತು ತಂದಂತೆ. ಇನ್ನೂ ಒಂದು ಸಂಕಟವಿದೆ. ಅಣೆಕಟ್ಟು ಭದ್ರವಾಯಿತು ಎಂದ ಕೂಡಲೇ ಜನ ಹೊಳೆಗೆ ಇನ್ನಷ್ಟು ಹತ್ತಿರ ಸರಿಯುತ್ತಾರೆ. ನಾವು ಸುರಿದ ಕಾಂಕ್ರೀಟಿನ ಧೈರ್ಯದ ಮೇಲೆ ಅವರು ಮನೆ ಕಟ್ಟುತ್ತಾರೆ. ಅವರಿಗೆ ಮುಳುಗಡೆಯ ನಕ್ಷೆಯನ್ನು ಯಾರೂ ತೋರಿಸಿರುವುದಿಲ್ಲ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಈ ವಿಷಯದಲ್ಲಿ ನಮ್ಮ ಕೈಗೆ ಸಿಕ್ಕಿರುವ ಒಳ್ಳೆಯ ಆಯುಧ. ಅಣೆಕಟ್ಟಿನ ಒಡೆಯ ತುರ್ತು ಕಾರ್ಯಯೋಜನೆ ಮಾಡಲೇಬೇಕು, ಹೊರಗಿನ ತಜ್ಞರಿಂದ ಸಮಗ್ರ ಪರಿಶೀಲನೆ ಮಾಡಿಸಲೇಬೇಕು. ಹಳೆಯ ಅಣೆಕಟ್ಟುಗಳಿಗೆ ಐದು ವರ್ಷದ ಗಡುವೂ ಇದೆ. ಆದರೆ ತುರ್ತು ಯೋಜನೆ ಎಂಬುದು ಬೀರುವಿನಲ್ಲಿ ಬೈಂಡ್ ಮಾಡಿ ಇಟ್ಟ ಪುಸ್ತಕವಾದರೆ ಪ್ರಯೋಜನವಿಲ್ಲ. ನಾನು ಕೆಲಸದಲ್ಲಿದ್ದಾಗ ಒಮ್ಮೆ ಒಂದು ಜಲಾಶಯದ ಕೆಳಗಿನ ಊರುಗಳ ಫೋನ್ ನಂಬರುಗಳ ಪಟ್ಟಿ ನೋಡಿದೆ. ಒಂದೊಂದಕ್ಕೇ ಫೋನ್ ಮಾಡಿದೆ. ಅರ್ಧಕ್ಕರ್ಧ ನಂಬರು ಚಾಲ್ತಿಯಲ್ಲಿರಲಿಲ್ಲ. ಇಬ್ಬರು ತೀರಿಕೊಂಡೇ ವರ್ಷಗಳಾಗಿದ್ದವು. ಪಟ್ಟಿ ಮಾತ್ರ ಪ್ರತಿವರ್ಷ ಹೊಸ ತಾರೀಖು ಹಾಕಿಸಿಕೊಂಡು ಬಂದಿತ್ತು. ಆ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ, ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯಲ್ಲಿ ಆದದ್ದನ್ನು ನೀವು ಟಿವಿಯಲ್ಲಿ ನೋಡಿದ್ದೀರಿ. ಮೂವತ್ತಮೂರು ಕ್ರಸ್ಟ್ ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಎಪ್ಪತ್ತು ವರ್ಷದ ಅಣೆಕಟ್ಟಿನ ಕಲ್ಲುಗಾರೆ ಅಲುಗಲಿಲ್ಲ, ಕೈಕೊಟ್ಟದ್ದು ಒಂದು ಚೈನು. ನೀರು ಹರಿಯುತ್ತಿರುವಾಗಲೇ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಒಂದರ ಮೇಲೊಂದು ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದೊಳಗೆ ಆ ಕಂಡಿ ಮುಚ್ಚಿದರು. ಮೈಸೂರಿನಿಂದ ರಾಯಚೂರಿನವರೆಗೆ ಎಲ್ಲರೂ ಚಪ್ಪಾಳೆ ತಟ್ಟಿದೆವು, ನಾನೂ ಕಣ್ಣೀರು ಹಾಕಿದೆ. ಆದರೆ ಚೈನಿನ ಸವಕಳಿಯನ್ನು ಬೇಸಿಗೆಯಲ್ಲೇ ಕಂಡು, ಬರೆದು, ಬದಲಿಸುವವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅಂಥ ಕೆಲಸವನ್ನೇ ಆರಿಸಿಕೊಳ್ಳಿ ಎಂದು ನಾನು ನಿಮ್ಮನ್ನು ಕೇಳಿಕೊಳ್ಳಲು ಬಂದಿದ್ದೇನೆ.

ಅಣೆಕಟ್ಟಿನ ಗ್ಯಾಲರಿಯೊಳಗೆ ಇಳಿಯಿರಿ. ಒದ್ದೆ ಗೋಡೆ, ಸುಣ್ಣದ ಬಿಳಿ ಗೆರೆ, ಮೋರಿಯಲ್ಲಿ ಹರಿಯುವ ಸೋರಿಕೆ, ಎಲ್ಲವೂ ಮಾತಾಡುತ್ತವೆ. ಸೋರಿಕೆ ಎಷ್ಟು ಎಂಬುದಕ್ಕಿಂತ, ನಿನ್ನೆಗಿಂತ ಎಷ್ಟು ಬದಲಾಯಿತು, ನೀರು ಕಲಕಿ ಬಂದಿದೆಯೇ ಎಂಬುದನ್ನು ನೋಡಿ. ಇಪ್ಪತ್ತು ವರ್ಷ ಅದೇ ಅಳತೆ ಬರೆದ ಕೆಲಸಗಾರ ಅಲ್ಲಿ ಇರುತ್ತಾನೆ. ಅವನು 'ಯಾಕೋ ಸರಿ ಇಲ್ಲ ಸರ್' ಎಂದರೆ ನಿಮ್ಮ ಮಾಡೆಲ್ ಏನೇ ಹೇಳಲಿ, ಅಂದು ಮನೆಗೆ ಹೋಗಬೇಡಿ.

ಆಮೇಲೆ ಮೇಲೆ ಬಂದು, ಜೀಪಿನಲ್ಲಿ ಹೊಳೆಯ ಜೊತೆಗೇ ಕೆಳಗೆ ಹೋಗಿ. ದಂಡೆಯ ಮೊದಲ ಊರಿನಲ್ಲಿ ಇಳಿದು, ಗುಡಿಯ ಕಟ್ಟೆಯ ಮೇಲೆ ಕೂತ ಯಾರನ್ನಾದರೂ, ಅದಕ್ಕಿಂತ ಮೊದಲು ಹೊಳೆಗೆ ಬಟ್ಟೆ ತಂದ ಹೆಂಗಸರನ್ನು ಕೇಳಿ: 'ಮೇಲಿಂದ ನೀರು ಬಿಟ್ಟರೆ ನಿಮಗೆ ಯಾರು ಹೇಳುತ್ತಾರಮ್ಮಾ? ರಾತ್ರಿಯಾದರೆ? ಕರೆಂಟ್ ಇಲ್ಲದಿದ್ದರೆ? ಮಕ್ಕಳನ್ನು, ದನಗಳನ್ನು ಯಾವ ದಾರಿಯಲ್ಲಿ ಕರೆದೊಯ್ಯುತ್ತೀರಿ?' ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಕಚೇರಿಗೆ ಮರಳಿ ಆ ಹಾಳೆಯನ್ನು ಅಣೆಕಟ್ಟಿನ ನಕ್ಷೆಯ ಜೊತೆಗೇ ಪಿನ್ನು ಹಾಕಿ. ಮುಂಗಾರಿಗೆ ಇನ್ನೂ ಸಮಯವಿದೆ.