ಕೈಯಾಗ ಗಿಟಾರ್, ಕಾಲಾಗ ಪೆಡಲ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನನಗಿಂತ ಮುಂಚೆ ಮಾತಾಡಿದವರಲ್ಲಿ ಒಬ್ಬರು ಡಾಕ್ಟರು, ಒಬ್ಬರು ಕೃಷಿ ವಿಜ್ಞಾನಿ. ನಾನು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವನು. ಜಾತ್ರೆ, ಗಣೇಶ ಹಬ್ಬ, ಮದುವೆಯ ರಿಸೆಪ್ಷನ್, ರಾಜ್ಯೋತ್ಸವ, ಇವೇ ನನ್ನ ಆಫೀಸು. ಸಮಿತಿಯವರು "ನಿಮ್ಮ ಕೆಲಸದ ಬಗ್ಗೆ ಹೇಳ್ರಿ, ಆದರ ಬಾರಸಬ್ಯಾಡ್ರಿ, ಟೈಮ್ ಇಲ್ಲ" ಅಂದರು. ಹೀಗಾಗಿ ಕೈಯ ವಿಷಯ ಬಿಟ್ಟು ಕಾಲಿನ ವಿಷಯ ಹೇಳುತ್ತೇನೆ. ಸ್ಟೇಜಿನ ಅಂಚಿಗೆ ಗದ್ದ ಊರಿ ನೋಡುವ ಹುಡುಗರು ಊರೂರಲ್ಲಿ ಕೇಳುವುದೂ ಅದನ್ನೇ: "ಅಣ್ಣಾ, ಆ ಡಬ್ಬಿ ಯಾಕ ತುಳೀತೀ?"

ಆ ಡಬ್ಬಿಗೆ ಎಫೆಕ್ಟ್ ಪೆಡಲ್ ಅನ್ನುತ್ತಾರೆ. ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿ ಅಲುಗಿದಾಗ, ಅದರ ಕೆಳಗಿರುವ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿಯಲ್ಲಿ ಸಣ್ಣದೊಂದು ವಿದ್ಯುತ್ ಹುಟ್ಟುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೆ ಇದು ಗೊತ್ತು, ವಿದ್ಯುತ್ಕಾಂತೀಯ ಪ್ರೇರಣೆ. ಆ ವಿದ್ಯುತ್ ವೈರಿನಲ್ಲಿ ಹೊರಟು ಸ್ಪೀಕರ್ ಮುಟ್ಟುವ ಮೊದಲು ಈ ಡಬ್ಬಿಗಳ ಮೂಲಕ ಹಾಯುತ್ತದೆ. ಒಂದು ಡಬ್ಬಿ ಅಲೆಯ ತಲೆಯನ್ನು ಕತ್ತರಿಸಿ ಧ್ವನಿಯನ್ನು ಗೊಗ್ಗರು ಮಾಡುತ್ತದೆ, ಅದು ಓವರ್‌ಡ್ರೈವ್. ಒಂದು ನುಡಿಸಿದ್ದನ್ನೇ ಸ್ವಲ್ಪ ತಡೆದು ಮತ್ತೆ ನುಡಿಯುತ್ತದೆ, ಅದು ಡಿಲೇ. ಒಂದು ಒಂದೇ ಗಿಟಾರನ್ನು ಎರಡು ಮೂರು ಗಿಟಾರಿನಂತೆ ಕೇಳಿಸುತ್ತದೆ, ಅದು ಕೋರಸ್. ಗುಡಿಯ ಗರ್ಭಗೃಹದಲ್ಲಿ ಹಾಡಿದ ಹಾಗೆ ಗುಂಗು ಕೊಡುವುದು ರಿವರ್ಬ್.

ಇದೆಲ್ಲ ವಿದೇಶದವರ ಚಾಳಿ ಎಂದು ಹಿರಿಯರು ಮೂಗು ಮುರಿಯುವುದುಂಟು. ಡಬ್ಬಿ ಅಲ್ಲಿಯದು ಹೌದು. 1962ರಲ್ಲಿ ಅಮೆರಿಕದಲ್ಲಿ ಮೇಸ್ಟ್ರೋ ಫಝ್‌ಟೋನ್ ಎಂಬ ಪೆಡಲ್ ಬಂತು, 1965ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ತಂಡದ ಒಂದು ಹಾಡಿನಿಂದ ಅದು ಮನೆಮಾತಾಯಿತು. 1977ರಿಂದ ಜಪಾನಿನ ಬಾಸ್ ಕಂಪನಿ ಅಂಗೈಯಗಲದ ಪೆಡಲ್‌ಗಳನ್ನು ಮಾಡತೊಡಗಿತು. ಆದರೆ ಆಸೆ ನಮ್ಮದೂ ಹೌದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳ ಸೀಮೆ ಇದು. ತಂಬೂರಿ ನೋಡದವರು ಇಲ್ಲಿ ಕಡಿಮೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ನೂಲಿನ ಎಳೆ ಇರುತ್ತದಲ್ಲ, ಜೀವಾಳ, ಅದನ್ನು ಕೂದಲೆಳೆಯಷ್ಟು ಸರಿಸಿದರೆ ಸತ್ತಂತಿದ್ದ ತಂತಿ ಝೇಂಕರಿಸುತ್ತದೆ. ಅದು ಎಫೆಕ್ಟ್ ಅಲ್ಲದೆ ಮತ್ತೇನು? ವ್ಯತ್ಯಾಸ ಒಂದೇ. ಜೀವಾಳವನ್ನು ಹಾಡಿಗೆ ಮುಂಚೆ ಸರಿ ಮಾಡಿಕೊಳ್ಳುತ್ತಾರೆ. ನಾನು ಹಾಡಿನ ನಡುವೆ ಬದಲಿಸಬೇಕು, ಅದೂ ಎರಡೂ ಕೈ ಕೆಲಸದಲ್ಲಿರುವಾಗ.

ಇದರ ಮೇಲೆ ನನ್ನ ಹೊಟ್ಟೆಪಾಡು ನಿಂತಿದೆ ಎಂದರೆ ನೀವು ನಗಬಹುದು. ಆರ್ಕೆಸ್ಟ್ರಾ ಒಪ್ಪಿಸುವವರು ದುಡ್ಡು ಉಳಿಸಲು ಮೊದಲು ಕೇಳುವ ಪ್ರಶ್ನೆ, "ಕೀಬೋರ್ಡಿನ್ಯಾಗ ಗಿಟಾರ್ ಬರ್ತದಲ್ಲ, ಮತ್ತ ಗಿಟಾರಿನಾಂವ ಯಾಕ?" ಎಂಬುದು. ಕೀಬೋರ್ಡಿನವನು ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದಕ್ಕೆ ವಯಲಿನ್, ಮತ್ತೊಂದಕ್ಕೆ ಗಿಟಾರ್. ತಂತಿಯನ್ನು ಬೆರಳಿನಿಂದ ಜಗ್ಗಿ ಸ್ವರವನ್ನು ಮೀಂಡಿನಂತೆ ಎಳೆದರೆ ಬರುವ ಅಳು ಆ ಗುಂಡಿಯಲ್ಲಿ ಬರುವುದಿಲ್ಲ. ಕೇಳುವವರಿಗೂ ಅದು ಗೊತ್ತಾಗುತ್ತದೆ. ಆದರೆ ಅವನು ಒಂದು ಗುಂಡಿಯಲ್ಲಿ ಬದಲಾಗುವಾಗ ನಾನು ಕೆಳಗೆ ಬಗ್ಗಿ ಡಬ್ಬಿ ಹುಡುಕುತ್ತಿದ್ದರೆ, ಮುಂದಿನ ಜಾತ್ರೆಗೆ ಆ ಪ್ರಶ್ನೆ ಕೇಳಿದವರೇ ಗೆದ್ದಂತೆ. ಗಿಟಾರಿನವರು ಇಲ್ಲದ ತಂಡಗಳು ಈಗ ಎಷ್ಟೋ ಇವೆ.

ಒಂದು ಸಂಜೆಗೆ ಏನೇನು ಬೇಕಾಗುತ್ತದೆ ನೋಡಿ. 1981ರ 'ಗೀತಾ' ಚಿತ್ರದ ಹಾಡು ಬೇಕೇ ಬೇಕು, ಶಂಕರ್‌ನಾಗ್ ಗಿಟಾರ್ ಹಿಡಿದು ನಿಂತದ್ದನ್ನು ಈ ಊರು ಮರೆತಿಲ್ಲ. ಆಮೇಲೆ 1987ರ 'ಪ್ರೇಮಲೋಕ', 2006ರ 'ಮುಂಗಾರು ಮಳೆ'. ನಡುವೆ ಯಾರೋ ಹಿರಿಯರು ಚೀಟಿ ಕಳಿಸುತ್ತಾರೆ: ಶರೀಫರದೊಂದು. ಶಿಶುನಾಳ ಇರುವುದು ನಮ್ಮ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲೇ, ಇಲ್ಲಿ ಶರೀಫರ ಪದ ಹಾಡದೆ ಸ್ಟೇಜ್ ಇಳಿದರೆ ಊಟ ದಕ್ಕುವುದಿಲ್ಲ. ಹಿರಿಯರಿಗೆ ಸಿ. ಅಶ್ವತ್ಥರ ಧಾಟಿ ಬೇಕು. ಹುಡುಗರಿಗೆ ರಘು ದೀಕ್ಷಿತ್ ಧಾಟಿ ಬೇಕು, 2008ರ ಅವರ ಮೊದಲ ಆಲ್ಬಂನಲ್ಲಿ ಗುಡುಗುಡಿಯ ಪದ ಬಂದ ಮೇಲೆ ಕಾಲೇಜು ಹುಡುಗರೂ ಶರೀಫರನ್ನು ಕೂಗಿ ಕೇಳತೊಡಗಿದರು. ನಾವು ಎರಡನ್ನೂ ಒಂದೇ ಹಾಡಿನಲ್ಲಿ ಹೊಂದಿಸುತ್ತೇವೆ: ಶುರುವಿಗೆ ಹಾರ್ಮೋನಿಯಂ, ಡಗ್ಗಾ, ಹಿಂದೆ ಮೆಲ್ಲಗೆ ಗಿಟಾರ್, ಕೊನೆಯ ಚರಣ ಮುಗಿದ ತಕ್ಷಣ ಗಿಟಾರಿನ ಲೀಡ್.

ಆ "ತಕ್ಷಣ" ಎಂಬಲ್ಲೇ ಕಷ್ಟ ಇರುವುದು. ಚರಣದಲ್ಲಿ ಕೋರಸ್ ಹಚ್ಚಿರುತ್ತೇನೆ. ಲೀಡಿಗೆ ಕೋರಸ್ ತೆಗೆಯಬೇಕು, ಓವರ್‌ಡ್ರೈವ್ ಹಚ್ಚಬೇಕು, ಡಿಲೇ ಹಚ್ಚಬೇಕು. ಮೂರು ತುಳಿತ. ಹಾಡು ನಿಮಿಷಕ್ಕೆ 120 ಬಡಿತದಲ್ಲಿ ಓಡುತ್ತಿದ್ದರೆ ಒಂದು ಬಡಿತಕ್ಕೆ ಅರ್ಧ ಸೆಕೆಂಡು. ಗಾಯಕನ ಕೊನೆಯ ಅಕ್ಷರಕ್ಕೂ ನನ್ನ ಮೊದಲ ಸ್ವರಕ್ಕೂ ನಡುವೆ ಇರುವುದು ಅಷ್ಟೇ. ಅಷ್ಟರಲ್ಲಿ ಒಂದೇ ಪಾದ ಮೂರು ಕಡೆ ಹೋಗಬೇಕು. ಹೋದರೂ, ಮೊದಲ ತುಳಿತಕ್ಕೂ ಮೂರನೆಯದಕ್ಕೂ ನಡುವೆ ಯಾರಿಗೂ ಬೇಡದ ಅರೆಬರೆ ಧ್ವನಿಯೊಂದು ಸ್ಪೀಕರಿನಿಂದ ಹೊರಬೀಳುತ್ತದೆ. ಗಾಯಕ ತಿರುಗಿ ನೋಡುತ್ತಾನೆ. ಕಾಲು ಕುಣಿಸುವುದನ್ನು ನೋಡಿ ಜನ ಚಪ್ಪಾಳೆ ಹೊಡೆಯಬಹುದು, ಆದರೆ ಅದು ಬಾರಿಸುವವನ ಜಾಣ್ಮೆ ಅಲ್ಲ, ಮನೆಯಲ್ಲಿ ಕೂತು ಮಾಡಬೇಕಾದ ಕೆಲಸವನ್ನು ಸ್ಟೇಜಿನ ಮೇಲೆ ಮಾಡುವುದು.

ಮನೆಯಲ್ಲಿ ಮಾಡುವ ಕೆಲಸ ಯಾವುದು? ಹಾಡಿನ ಪ್ರತಿ ತಿರುವಿಗೂ ಒಂದೇ ತುಳಿತ ಸಾಕಾಗುವಂತೆ ಮೊದಲೇ ಹೊಂದಿಸಿಕೊಳ್ಳುವುದು. ಅದಕ್ಕೆ ಲೂಪ್ ಸ್ವಿಚರ್ ಎಂಬ ಪೆಟ್ಟಿಗೆ ಇದೆ. ಎಲ್ಲ ಪೆಡಲ್‌ಗಳ ವೈರೂ ಅದಕ್ಕೆ ಬರುತ್ತದೆ, ಯಾವ ಗುಂಡಿಗೆ ಯಾವ ಯಾವ ಪೆಡಲ್ ಸೇರಬೇಕು, ಯಾವುದು ಬಿಡಬೇಕು ಎಂದು ಮೊದಲೇ ಬರೆದಿಟ್ಟರೆ ಒಂದು ಒತ್ತಿಗೆ ಮೂರೂ ಕೆಲಸ ಒಟ್ಟಿಗೆ ಆಗುತ್ತವೆ. ಅದು ದುಬಾರಿ. ನಮ್ಮ ಕಡೆಯ ಬಹಳಷ್ಟು ಜನ ಬಳಸುವುದು ಮಲ್ಟಿ ಎಫೆಕ್ಟ್, ಅಂದರೆ ಹತ್ತಾರು ಪೆಡಲ್ ಒಂದೇ ಯಂತ್ರದೊಳಗೆ. ಒಂದೊಂದು ಹೊಂದಾಣಿಕೆಯನ್ನು ಪ್ಯಾಚ್ ಎಂದು ಉಳಿಸಿಕೊಳ್ಳಬಹುದು. ಇದನ್ನು ಕೊಳ್ಳುವವರು ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ: ತಂತಿ ಮೀಟಿ, ಅದು ನುಡಿಯುತ್ತಿರುವಾಗಲೇ ಪ್ಯಾಚ್ ಬದಲಿಸಿ. ಕೆಲವು ಯಂತ್ರಗಳು ಆ ಹೊತ್ತಿನಲ್ಲಿ ಕ್ಷಣಮಾತ್ರ ಮೌನವಾಗುತ್ತವೆ, ಹಿಂದಿನ ಡಿಲೇಯ ಬಾಲವೂ ಕತ್ತರಿಸಿ ಹೋಗುತ್ತದೆ. ಮನೆಯಲ್ಲಿ ಗೊತ್ತಾಗದ ಆ ಮೌನ, ತುಂಬಿದ ಮೈದಾನದಲ್ಲಿ ಹಲ್ಲು ಬಿದ್ದ ಸಂದಿಯ ಹಾಗೆ ಕಾಣುತ್ತದೆ. ಹಾಗಿದ್ದರೆ ಇಡೀ ಹಾಡಿಗೆ ಒಂದೇ ಪ್ಯಾಚ್ ಇಟ್ಟು, ಅದರೊಳಗಿನ ಒಂದೊಂದನ್ನು ಹಚ್ಚಿ ಆರಿಸುವುದು ಮೇಲು.

ಇನ್ನೊಂದು ಸೂಕ್ಷ್ಮ ಇದೆ. ಕೆಲವು ಗುಂಡಿಗಳು ಒತ್ತಿದಾಗ ಕೆಲಸ ಮಾಡುತ್ತವೆ. ಒತ್ತಿ ಹಿಡಿದರೆ ಬೇರೆ ಕೆಲಸ ಎಂದು ಇರುವ ಗುಂಡಿಗಳಲ್ಲಿ ಎಷ್ಟೋ ಕಾಲು ಎತ್ತಿದಾಗ ಕೆಲಸ ಮಾಡುತ್ತವೆ, ಏಕೆಂದರೆ ನೀವು ಹಿಡಿಯುತ್ತೀರೋ ಬಿಡುತ್ತೀರೋ ಎಂದು ಯಂತ್ರ ಕಾಯುತ್ತಿರುತ್ತದೆ. ಒಂದೇ ಹಲಗೆಯ ಮೇಲೆ ಎರಡೂ ಜಾತಿ ಇದ್ದರೆ, ಯಾವುದನ್ನು ತಾಳದ ಯಾವ ಜಾಗದಲ್ಲಿ ತುಳಿಯಬೇಕು ಎಂಬುದನ್ನು ಕಾಲು ಬೇರೆ ಬೇರೆಯಾಗಿ ಕಲಿಯಬೇಕು. ಟೇಲರಿನ ಕಾಲು ಕಲಿತ ಹಾಗೆ, ರಾಣೇಬೆನ್ನೂರು ಕಡೆಯ ನೇಕಾರರ ಕಾಲು ಮಗ್ಗದ ಹಲಗೆ ಕಲಿತ ಹಾಗೆ. ಅವರಾರೂ ಕೆಳಗೆ ನೋಡುವುದಿಲ್ಲ. ಹಿಮ್ಮಡಿ ನೆಲಕ್ಕೆ ಊರಿರಬೇಕು, ಬೆರಳಿನ ಭಾಗ ಮಾತ್ರ ಆಡಬೇಕು. ಇಡೀ ಕಾಲು ಎತ್ತಿದರೆ ಮೈಯ ತೂಕ ವಾಲುತ್ತದೆ, ಕೈಯ ತಾಳವೂ ವಾಲುತ್ತದೆ.

ಪೆಡಲ್ ಜೋಡಿಸುವುದರಲ್ಲಿ ಹೊಸಬರು ಗೊಂದಲ ಪಡುವ ಒಂದು ವಿಷಯ: ವೈರಿನ ಸಾಲು ಬೇರೆ, ಕಾಲಿನ ಸಾಲು ಬೇರೆ. ವೈರಿನಲ್ಲಿ ಓವರ್‌ಡ್ರೈವ್ ಮೊದಲು, ಕೋರಸ್ ನಂತರ, ಡಿಲೇ, ರಿವರ್ಬ್ ಕೊನೆಗೆ. ಡಿಲೇಯನ್ನು ಓವರ್‌ಡ್ರೈವಿಗಿಂತ ಮುಂಚೆ ಇಟ್ಟರೆ ಮರುನುಡಿಗಳೆಲ್ಲ ಕಲಸಿ ರಾಡಿಯಾಗುತ್ತವೆ. ಆದರೆ ಹಲಗೆಯ ಮೇಲೆ ಅದೇ ಸಾಲಿನಲ್ಲಿ ಕೂರಿಸಬೇಕೆಂದಿಲ್ಲ, ವೈರ್ ಹೇಗಾದರೂ ಸುತ್ತಿ ಬರುತ್ತದೆ. ಪದೇ ಪದೇ ತುಳಿಯುವುದು ಕಾಲಿನ ಹತ್ತಿರ, ಸಂಜೆಗೊಮ್ಮೆ ಮುಟ್ಟುವುದು ದೂರ. ಕಾರಿನಷ್ಟು ಬೆಳಕು ಎದುರಿಗೆ ಹೊಡೆಯುವಾಗ ಪೆಡಲಿನ ಸಣ್ಣ ಕೆಂಪು ದೀಪ ಕಾಣುವುದೇ ಇಲ್ಲ. ಗಾಡಿಗೆ ಅಂಟಿಸುವ ರೇಡಿಯಂ ಸ್ಟಿಕರನ್ನು ಬಣ್ಣ ಬಣ್ಣವಾಗಿ ಕತ್ತರಿಸಿ ಅಂಟಿಸಿದ್ದೇನೆ. ಐದು ರೂಪಾಯಿಯ ಉಪಾಯ, ದುಬಾರಿ ಪೆಟ್ಟಿಗೆಯಷ್ಟೇ ಉಪಯೋಗ.

ಎಲ್ಲಕ್ಕಿಂತ ಒಳ್ಳೆಯ ಸ್ವಿಚ್ ಮಾತ್ರ ಕಾಲಲ್ಲಿಲ್ಲ, ಗಿಟಾರಿನ ಮೈಮೇಲೇ ಇದೆ: ವಾಲ್ಯೂಮಿನ ತಿರುಗಣೆ. ಓವರ್‌ಡ್ರೈವನ್ನು ಹಾಡಿನುದ್ದಕ್ಕೂ ಹಚ್ಚಿಯೇ ಇಟ್ಟು, ಚರಣದಲ್ಲಿ ಕಿರುಬೆರಳಿನಿಂದ ತಿರುಗಣೆ ಇಳಿಸಿದರೆ ಧ್ವನಿ ತಾನೇ ತಿಳಿಯಾಗುತ್ತದೆ. ಅಲೆ ಚಿಕ್ಕದಾದಾಗ ಕತ್ತರಿಸಲು ತಲೆಯೇ ಇರುವುದಿಲ್ಲ. ಲೀಡ್ ಬಂದಾಗ ಏರಿಸಿದರೆ ಸಾಕು. ಹೀಗೆ ಮಾಡಿದಾಗ ಶರೀಫರ ಪದದಲ್ಲಿ ನನಗೆ ಉಳಿಯುವುದು ಡಿಲೇಯ ಒಂದೇ ತುಳಿತ. ಕೋರಸ್? ಅದನ್ನು ಆ ಪದದಿಂದ ತೆಗೆದೇ ಬಿಟ್ಟೆ. ಹಾರ್ಮೋನಿಯಂ ಇರುವಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ.

ಓವರ್‌ಡ್ರೈವಿನ ಮೇಲೆ ಎರಡು ತಿರುಗಣೆ ಇರುತ್ತವೆ, ಡ್ರೈವ್ ಮತ್ತು ಲೆವೆಲ್. ಇದನ್ನು ಬೇರೆ ಊರಿನವರಿಗೆ ವಿವರಿಸುವುದು ಕಷ್ಟ, ಬ್ಯಾಡಗಿಯವರಿಗೆ ಸುಲಭ. ನಮ್ಮ ಮೆಣಸಿನಕಾಯಿಯನ್ನು ಜನ ಒಯ್ಯುವುದು ಬಣ್ಣಕ್ಕೆ, ಖಾರಕ್ಕೆ ಗುಂಟೂರಿನದು. ಡ್ರೈವ್ ಎಂದರೆ ಬಣ್ಣ, ಲೆವೆಲ್ ಎಂದರೆ ಖಾರ. ಲೀಡ್ ಕೇಳುತ್ತಿಲ್ಲ ಎಂದು ಡ್ರೈವ್ ಏರಿಸುತ್ತಾ ಹೋದರೆ ಧ್ವನಿ ಇನ್ನಷ್ಟು ಕೆಂಪಾಗಿ ರಿದಂ ಪ್ಯಾಡಿನ ಸದ್ದಿನಲ್ಲಿ ಮುಳುಗುತ್ತದೆ. ಏರಿಸಬೇಕಾದ್ದು ಲೆವೆಲ್, ಅದೂ ಸ್ಟೇಜಿನ ಜೋರಿನಲ್ಲಿ ಕೇಳಿ. ಮಲಗುವ ಕೋಣೆಯಲ್ಲಿ ಹೊಂದಿಸಿದ್ದು ಪೆಂಡಾಲಿನಲ್ಲಿ ಬೇರೆಯೇ ಆಗುತ್ತದೆ. ಆಂಪ್ಲಿಫೈಯರ್ ಇಲ್ಲದೆ ನೇರ ಮಿಕ್ಸರಿಗೆ ವೈರ್ ಕೊಡುವವರು ಯಂತ್ರದಲ್ಲಿರುವ ಕ್ಯಾಬಿನೆಟ್ ಎಂಬ ಎಫೆಕ್ಟನ್ನು ಮರೆಯದೆ ಹಚ್ಚಬೇಕು. ಇಲ್ಲದಿದ್ದರೆ ಓವರ್‌ಡ್ರೈವ್ ಎಂಬುದು ಜೇನು ಎದ್ದ ಹಾಗೆ ಕೇಳುತ್ತದೆ.

ಮಕ್ಕಳೇ, ನೀವು ನಗದೆ ಕೇಳಬೇಕಾದ ಮಾತು ಇದು. ಗುಡಿಯ ಮುಂದಿನ ಸ್ಟೇಜಿನಲ್ಲಿ ನಾವು ಚಪ್ಪಲಿ ಬಿಟ್ಟೇ ಹತ್ತುತ್ತೇವೆ. ಬರಿಗಾಲಿನಲ್ಲಿ ಪೆಡಲಿನ ಅಂಚು ಚೆನ್ನಾಗಿ ತಿಳಿಯುತ್ತದೆ, ನನಗಂತೂ ಅದೇ ಇಷ್ಟ. ಆದರೆ ಪೆಡಲಿನ ಮೈ ಲೋಹ, ತಂತಿ ಲೋಹ, ಮೈಕೂ ಲೋಹ. ಜನರೇಟರಿಗೆ ಅರ್ಥಿಂಗ್ ಸರಿ ಇಲ್ಲದಿದ್ದರೆ, ಗಿಟಾರ್ ಹಿಡಿದು ತುಟಿಯನ್ನು ಮೈಕಿಗೆ ತಾಗಿಸಿದಾಗ ಶಾಕ್ ಹೊಡೆಯುತ್ತದೆ. ನೆಲ ಒದ್ದೆಯಿದ್ದರೆ ಅದು ಜೀವಕ್ಕೇ ಬರಬಹುದು. ಕಾಲ ಕೆಳಗೆ ಒಣಗಿದ ಹಲಗೆ, ಅದರ ಮೇಲೆ ರಬ್ಬರ್ ಮ್ಯಾಟ್ ಇಲ್ಲದೆ ನಾನು ವೈರ್ ಚುಚ್ಚುವುದಿಲ್ಲ. ಸೌಂಡಿನವರು ಅರ್ಥಿಂಗ್ ತೋರಿಸುವ ತನಕ ಕಾಯುತ್ತೇನೆ. "ಬಾಳ ತೋರಸ್ತಾನ ಇಂವಾ" ಅನ್ನುತ್ತಾರೆ, ಅನ್ನಲಿ.

ಊರಿನಲ್ಲಿ ಈಗ ಗಿಟಾರ್ ತರಿಸಿಕೊಂಡ ಹುಡುಗರು, ಹುಡುಗಿಯರು ಇದ್ದಾರೆ ಎಂದು ಕೇಳಿದ್ದೇನೆ. ಎಷ್ಟು ಪೆಡಲ್ ಬೇಕು ಎಂದು ಫೋನ್ ಮಾಡಿ ಕೇಳುತ್ತಾರೆ. ಒಂದೂ ಇಲ್ಲದೆ ಒಂದು ವರ್ಷ ಬಾರಿಸಿ ಅಂದರೆ ಫೋನ್ ಇಡುತ್ತಾರೆ! ಹಾಗಾಗಿ ಈಗ ಬೇರೆ ರೀತಿ ಹೇಳುತ್ತೇನೆ. ಒಂದು ಓವರ್‌ಡ್ರೈವ್ ತಗೊಳ್ಳಿ. 9 ವೋಲ್ಟಿನ ಅಡಾಪ್ಟರ್ ಕೊಳ್ಳುವಾಗ ಧನ-ಋಣ ನೋಡಿ. ಹೆಚ್ಚಿನ ಪೆಡಲ್‌ಗಳಿಗೆ ಪಿನ್ನಿನ ನಡುಭಾಗ ಋಣ ಇರಬೇಕು, ಮನೆಯಲ್ಲಿ ಬಿದ್ದಿರುವ ಅಡಾಪ್ಟರುಗಳಲ್ಲಿ ಅದು ಸಾಮಾನ್ಯವಾಗಿ ತಿರುವುಮುರುವು. ಆಮೇಲೆ ನಿಮಗೆ ಇಷ್ಟದ ಹಾಡನ್ನು ಗೆಳೆಯನೊಬ್ಬನಿಂದ ಹಾಡಿಸಿ, ಕೆಳಗೆ ನೋಡದೆ, ಚರಣ ಮುಗಿದ ಬಡಿತಕ್ಕೆ ಸರಿಯಾಗಿ ಅದನ್ನು ತುಳಿಯಿರಿ. ಹಾಡುವವನಿಗೆ ನಿಮ್ಮ ಕಾಲು ಗೊತ್ತೇ ಆಗಬಾರದು. ಅದು ಬಂದ ಮೇಲೆ ಎರಡನೆಯ ಪೆಡಲಿನ ಮಾತು.

ಊಟವಾದ ಮೇಲೆ ವಿಜ್ಞಾನದ ಕೋಣೆಯಲ್ಲಿ ನನ್ನ ಹಲಗೆ ಹರವಿರುತ್ತೇನೆ. ಹೆಡ್‌ಮಾಸ್ತರರು ಒಂದು ಗಂಟೆಗೆ ಒಪ್ಪಿದ್ದಾರೆ. ಯಾರು ಬೇಕಾದರೂ ಬಂದು ತುಳಿದು ನೋಡಬಹುದು, ಹಿರಿಯರೂ ಸೈ. ಮ್ಯಾಟ್ ಮೇಲೆ ನಿಂತು ತುಳಿಯಬೇಕು. ಖಾರ ಕುಟ್ಟಿದ ಕೈ ತೊಳೆಯದೆ ತಿರುಗಣೆ ಮುಟ್ಟಬೇಡಿ.