ಆಪರೇಷನ್ ಮೇಜಿನ ಬಳಿ ನಿಂತವನು ಯಾರು?
(ಭಾಷಣದ ಪೂರ್ಣಪಾಠ)

ಕಿರಾಣಿ ಅಂಗಡಿಯ ತಕ್ಕಡಿಗೂ ತೂಕದ ಕಲ್ಲಿಗೂ ಸರ್ಕಾರದ ಮುದ್ರೆ ಬೇಕು. ಮಿಲ್ಲಿನ ಬಾಯ್ಲರು ನೋಡಿಕೊಳ್ಳುವವನಿಗೆ ಸರ್ಟಿಫಿಕೇಟು ಬೇಕು. ಇದು ನಮಗೆಲ್ಲ ಗೊತ್ತು. ಆದರೆ ನಾವು ಆಪರೇಷನ್ ಮೇಜಿನ ಮೇಲೆ ಎಚ್ಚರವಿಲ್ಲದೆ ಮಲಗಿದಾಗ, ಡಾಕ್ಟರ ಪಕ್ಕದಲ್ಲಿ ನಿಂತು ಕತ್ತರಿ ಚಿಮುಟ ಕೊಡುವವರು, ಗಾಯದ ಬಾಯಿ ಅಗಲಿಸಿ ಹಿಡಿಯುವವರು ಯಾರು? ಅವರ ಹೆಸರು ಯಾವ ಪಟ್ಟಿಯಲ್ಲಿದೆ? ಈ ಪ್ರಶ್ನೆಯನ್ನು ನಾವು ಕೇಳಿಯೇ ಇಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆ ಎದ್ದಿದೆ. ಅಲ್ಲಿ ಇದಕ್ಕೆ ಇಡೀ ದೇಶಕ್ಕೆ ಒಂದೇ ಕಾನೂನಿಲ್ಲ. ಒಂದೊಂದು ರಾಜ್ಯದ್ದು ಒಂದೊಂದು ದಾರಿ. ಟೆಕ್ಸಸ್ ರಾಜ್ಯ 2001ರಲ್ಲಿ ಶಸ್ತ್ರಚಿಕಿತ್ಸಾ ಸಹಾಯಕರಿಗೆ ಲೈಸೆನ್ಸಿನ ಕಾನೂನು ಮಾಡಿತು. ಇಲಿನಾಯ್ ರಾಜ್ಯ ಹುದ್ದೆಯ ಹೆಸರಿಗೆ ಮಾತ್ರ ಕಾವಲು ಹಾಕಿತು: ನೋಂದಾಯಿಸಿಕೊಂಡವರಲ್ಲದೆ ಬೇರೆಯವರು ‘ನೋಂದಾಯಿತ ಸಹಾಯಕ’ ಎಂದು ಹೇಳಿಕೊಳ್ಳಕೂಡದು. ಕೊಲೊರಾಡೊ ರಾಜ್ಯಕ್ಕೆ ಮಾತ್ರ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಆ ಕಥೆ ನಮಗೆ ಪಾಠವಾಗಬೇಕು.

2009ರಲ್ಲಿ ಡೆನ್ವರ್ ನಗರದ ಒಂದು ಆಸ್ಪತ್ರೆಯ ಸಹಾಯಕಿ, ರೋಗಿಗಳ ನೋವಿಗೆಂದು ತುಂಬಿಟ್ಟ ಫೆಂಟನಿಲ್ ಸಿರಿಂಜುಗಳನ್ನು ಕದ್ದು ತಾನೇ ಚುಚ್ಚಿಕೊಳ್ಳುತ್ತಿದ್ದಳೆಂದು ಬಯಲಾಯಿತು. ತಾನು ಬಳಸಿದ ಸಿರಿಂಜಿಗೆ ಉಪ್ಪುನೀರು ತುಂಬಿ ಆ ಜಾಗದಲ್ಲಿ ಇಡುತ್ತಿದ್ದಳು. ಅವಳಿಗೆ ಹೆಪಟೈಟಿಸ್ ಸಿ ಇತ್ತು. ಹದಿನೆಂಟಕ್ಕೆ ಕಡಮೆಯಿಲ್ಲದಷ್ಟು ರೋಗಿಗಳಿಗೆ ಆ ರೋಗ ಅಂಟಿತು. ಸುಮಾರು 6000 ಮಂದಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು. 2010ರಲ್ಲಿ ಅವಳಿಗೆ 30 ವರ್ಷ ಸೆರೆಯಾಯಿತು. ಅದೇ ವರ್ಷ ನೋಂದಣಿಯ ಕಾನೂನೂ ಬಂತು. ಹೆಸರು ನೋಂದಾಯಿಸದವರಿಗೆ ಈ ಕೆಲಸವಿಲ್ಲ. ಕೆಲಸ ಕೊಡುವ ಆಸ್ಪತ್ರೆ ಮೊದಲು ನೋಂದಣಿಯನ್ನು ನೋಡಬೇಕು.

ಅಲ್ಲಿಗೆ ಮುಗಿಯಿತೆ? ಇಲ್ಲ. 2016ರಲ್ಲಿ ಅದೇ ರಾಜ್ಯದ ಇನ್ನೊಂದು ಆಸ್ಪತ್ರೆಯಲ್ಲಿ ಇನ್ನೊಬ್ಬ ಸಹಾಯಕ ಅದೇ ಬಗೆಯ ಕಳವಿನಲ್ಲಿ ಸಿಕ್ಕಿಬಿದ್ದ. ನೌಕಾಪಡೆಯಲ್ಲಿ ಇದೇ ಔಷಧ ಕದ್ದು ಶಿಕ್ಷೆ ಅನುಭವಿಸಿದವನು. ಹಲವು ರಾಜ್ಯಗಳ ಆಸ್ಪತ್ರೆಗಳು ಹೊರಹಾಕಿದವನು. ಒಂದೊಂದು ಸಲ ಹೊರಬಿದ್ದಾಗಲೂ ಗಡಿ ದಾಟಿ ಬೇರೊಂದು ಬಾಗಿಲು ತಟ್ಟಿದ, ಬಾಗಿಲು ತೆರೆಯಿತು. ಸುಮಾರು 2900 ರೋಗಿಗಳು ಪರೀಕ್ಷೆಗೆ ಬರಬೇಕೆಂದು ಕರೆ ಹೋಯಿತು. ಆಮೇಲೆ ನೋಂದಣಿಗೆ ಬೆರಳಚ್ಚಿನ ತಪಾಸಣೆಯನ್ನೂ ಸೇರಿಸಿದರು.

ಇದರಿಂದ ನಾವು ಕಲಿಯುವುದೇನು? ನೋಂದಣಿ ಬೇಡವೆಂದಲ್ಲ, ಬೇಕೇ ಬೇಕು. ಆದರೆ ತೂಕದ ಕಲ್ಲಿಗೆ ಮುದ್ರೆ ಬಿದ್ದ ಮಾತ್ರಕ್ಕೆ ತಕ್ಕಡಿಯ ತಟ್ಟೆ ಒತ್ತುವ ಹೆಬ್ಬೆರಳು ಮೇಲೇಳುವುದಿಲ್ಲ. ಹೆಸರು ಬರೆದ ಪಟ್ಟಿ ಕಸುಬಿನ ತರಬೇತಿಗೆ ಸಾಕ್ಷಿಯಲ್ಲ. ಪಟ್ಟಿ ಔಷಧದ ಬೀರುವಿಗೆ ಬೀಗವನ್ನೂ ಹಾಕುವುದಿಲ್ಲ. ಕದ್ದವರು ಜೈಲಿಗೆ ಹೋದದ್ದು ನ್ಯಾಯ. ಆದರೆ ತುಂಬಿದ ಸಿರಿಂಜನ್ನು ಕಾವಲಿಲ್ಲದೆ ಇಟ್ಟವರು ಯಾರು? ಕಳ್ಳನೆಂದು ತಿಳಿದೂ ಮುಂದಿನ ಆಸ್ಪತ್ರೆಗೆ ಹೇಳದೆ ಕಳಿಸುವವರು ಯಾರು? ಕೂಲಿಯವನ ಹೆಸರಿನ ಜೊತೆಗೆ ಆಡಳಿತದವರ ಹೊಣೆಯನ್ನೂ ಬರೆದಾಗಲೇ ಪಟ್ಟಿ ಪೂರ್ತಿಯಾದೀತು.

ಈಗ ನಮ್ಮ ದೇಶಕ್ಕೆ ಬರೋಣ. ಡಾಕ್ಟರಿಗೆ, ನರ್ಸಿಗೆ ನೋಂದಣಿ ಹಿಂದಿನಿಂದಲೂ ಇತ್ತು. ಶಸ್ತ್ರಚಿಕಿತ್ಸೆ, ಅರಿವಳಿಕೆಯ ತಂತ್ರಜ್ಞರನ್ನೂ ಒಳಗೊಂಡ ಕೇಂದ್ರ ಕಾನೂನು ಬಂದದ್ದು 2021ರಲ್ಲಿ. ಪ್ರತಿ ರಾಜ್ಯದಲ್ಲೂ ಒಂದು ಮಂಡಳಿ, ಒಂದು ರಾಜ್ಯ ಪಟ್ಟಿ ಇರಬೇಕೆಂದು ಅದು ಹೇಳುತ್ತದೆ. ಡಿಪ್ಲೊಮಾ ಅಥವಾ ಪದವಿಯ ಓದು 2000 ಗಂಟೆಗೆ ಕಡಮೆಯಿರಕೂಡದು. ಕಾನೂನು ಬಂದರೂ ಕೆಲಸ ಸಾಗದೆ, 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಎರಡು ತಿಂಗಳಲ್ಲಿ ಜಾರಿಗೆ ತನ್ನಿರೆಂದು ಕೇಂದ್ರಕ್ಕೂ ರಾಜ್ಯಗಳಿಗೂ ಆಜ್ಞೆ ಮಾಡಬೇಕಾಯಿತು.

ಗೆಳೆಯರೆ, ಇದು ಡಾಕ್ಟರುಗಳ ಮನೆಮಾತಲ್ಲ. ಮೇಜಿನ ಮೇಲೆ ಮಲಗುವವರೂ ನಾವೇ, ಪಕ್ಕದಲ್ಲಿ ನಿಲ್ಲುವವರೂ ನಮ್ಮ ಮಕ್ಕಳೇ. ಆದ್ದರಿಂದ ನಾವು ಕೇಳಬೇಕಾದ್ದು ನಾಲ್ಕು. ಪಟ್ಟಿ ಯಾರು ಬೇಕಾದರೂ ನೋಡುವಂತೆ ತೆರೆದಿರಲಿ. ನೋಂದಣಿಯ ಶುಲ್ಕ ಬಡ ನೌಕರನ ಕೈಗೆ ಎಟುಕುವಂತಿರಲಿ. ವರ್ಷಗಟ್ಟಲೆ ದುಡಿದು ಕಲಿತವರಿಗೆ ತರಬೇತಿಯ ಬಾಗಿಲು ತೆರೆದಿರಲಿ. ಒಂದು ರಾಜ್ಯದಲ್ಲಿ ತೆಗೆದುಹಾಕಿದವನ ಹೆಸರು ಇನ್ನೊಂದು ರಾಜ್ಯಕ್ಕೆ ಅವನಿಗಿಂತ ಮುಂಚೆ ತಲುಪಲಿ.

ಆಸ್ಪತ್ರೆಗೆ ಹೋದಾಗ, ಎಚ್ಚರ ತಪ್ಪಿಸುವ ಮುನ್ನ, ಒಂದು ಮಾತು ಕೇಳಿ: “ಸ್ವಾಮಿ, ಪಕ್ಕದಲ್ಲಿ ನಿಲ್ಲುವವರು ಯಾರು? ಎಲ್ಲಿ ಕಲಿತವರು?” ಕೇಳುವುದಕ್ಕೆ ಸಂಕೋಚ ಬೇಡ. ಅಕ್ಕಿ ಕೊಳ್ಳುವಾಗ ಕಲ್ಲಿನ ಮುದ್ರೆ ನೋಡುವ ನಮಗೆ ಪ್ರಾಣ ಒಪ್ಪಿಸುವಾಗ ಕೇಳುವ ಹಕ್ಕಿಲ್ಲವೆ?