ಹೊಲದ ತನಕ ಇಳಿಯುವ ಪಟ್ಟಿ

ಮುಂಡರಗಿ ತಾಲ್ಲೂಕಿನ ರೈತರೊಬ್ಬರು ಬೆಳೆಸಾಲಕ್ಕಾಗಿ ತಮ್ಮ ಹೊಲದ ಉತಾರ, ಅಂದರೆ ಪಹಣಿ, ತೆಗೆಸಲು ಬಂದಿದ್ದಾರೆ ಎಂದುಕೊಳ್ಳಿ. ಕಂಪ್ಯೂಟರಿನ ಪರದೆಯಲ್ಲಿ ಮೊದಲು ಜಿಲ್ಲೆ ಆರಿಸಬೇಕು. ಗದಗ ಎಂದು ಒತ್ತಿದರೆ ತಾಲ್ಲೂಕುಗಳು ಬರುತ್ತವೆ. ಮುಂಡರಗಿ ಒತ್ತಿದರೆ ಹೋಬಳಿಗಳು, ಡಂಬಳ ಒತ್ತಿದರೆ ಆ ಹೋಬಳಿಯ ಹಳ್ಳಿಗಳು. ಆಮೇಲೆ ಸರ್ವೆ ನಂಬರ್, ಅದರ ಜೊತೆಯ ಗುರುತಾದ ಸರ್ನೋಕ್, ಕಡೆಗೆ ಹಿಸ್ಸಾ, ಅಂದರೆ ಪಾಲು. ಹೀಗೆ ಒಂದರೊಳಗೊಂದು ಅಡಕವಾಗಿರುವ ಮಾಹಿತಿಯನ್ನು ಹಂತಹಂತವಾಗಿ ಬಿಚ್ಚಿ ತೋರಿಸುವ ಪಟ್ಟಿಯನ್ನು ಪರೀಕ್ಷಿಸುವುದು ಹೇಗೆ ಎಂಬುದೇ ಇವತ್ತಿನ ವಿಷಯ.

ಕರ್ನಾಟಕದ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ತಂದಿತು. ಅವು 67 ಲಕ್ಷ ರೈತರಿಗೆ ಸೇರಿದ ದಾಖಲೆಗಳು. ಅಷ್ಟರಲ್ಲಿ ಒಬ್ಬರ ಹೊಲ ಸಿಗಬೇಕಾದರೆ ಪಟ್ಟಿಯ ಒಂದೊಂದು ಹಂತವೂ ಸರಿಯಾಗಿರಬೇಕು. ದಾಖಲೆ ಎಷ್ಟೇ ಶುದ್ಧವಾಗಿರಲಿ, ಪಟ್ಟಿಯಲ್ಲಿ ಕಾಣದಿದ್ದರೆ ರೈತನ ಪಾಲಿಗೆ ಅದು ಇಲ್ಲದ ಹಾಗೆಯೇ.

ಇಂಥ ಪಟ್ಟಿಯನ್ನು ಪರೀಕ್ಷಿಸುವವರು ಎಲ್ಲವನ್ನೂ ಸರಿಯಾಗಿ ಒತ್ತಿ ನೋಡಿದರೆ ಸಾಲದು. ಮುಂಡರಗಿ, ಡಂಬಳ ಎಂದು ಆರಿಸಿದ ಮೇಲೆ ಹಿಂದಿರುಗಿ ತಾಲ್ಲೂಕನ್ನು ಶಿರಹಟ್ಟಿ ಎಂದು ಬದಲಿಸಬೇಕು. ಆಗ ಡಂಬಳ ಅಳಿಸಿಹೋಗಬೇಕು. ಅಳಿಯದೆ ಉಳಿದರೆ ಶಿರಹಟ್ಟಿಯಲ್ಲಿ ಇಲ್ಲದ ಹೋಬಳಿಯೊಂದು ಹುಟ್ಟಿಕೊಂಡಂತೆ.

ಇನ್ನೊಂದು ತೊಡಕು ನೆಟ್‌ವರ್ಕ್ ನಿಧಾನವಿದ್ದಾಗ ಮಾತ್ರ ಹೊರಬೀಳುತ್ತದೆ. ಮುಂಡರಗಿ ಒತ್ತಿ, ಪಟ್ಟಿ ಬರುವ ಮೊದಲೇ ಶಿರಹಟ್ಟಿ ಒತ್ತಿದಿರಿ. ಶಿರಹಟ್ಟಿಯ ಉತ್ತರ ಬೇಗ ಬಂತು, ಮುಂಡರಗಿಯದು ತಡವಾಗಿ ಬಂದು ಅದರ ಮೇಲೆ ಕೂತಿತು. ಈಗ ಮೇಲೆ ಶಿರಹಟ್ಟಿ, ಕೆಳಗೆ ಮುಂಡರಗಿಯ ಹೋಬಳಿಗಳು! ಆದ್ದರಿಂದ ಉತ್ತರವನ್ನು ಬೇಕೆಂದೇ ತಡಮಾಡಿಸಿ ಪರೀಕ್ಷಿಸಬೇಕು. ಯಾವ ಪ್ರಶ್ನೆಗೆ ಬಂದ ಉತ್ತರವಿದು ಎಂದು ತಾಳೆ ನೋಡಿಯೇ ತಂತ್ರಾಂಶ ಅದನ್ನು ತೋರಿಸಬೇಕು.

ಹಿಸ್ಸಾಗಳ ಸಂಗತಿಯೂ ಸೂಕ್ಷ್ಮ. ಅವುಗಳಲ್ಲಿ ಅಂಕಿಯ ಜೊತೆ ಅಕ್ಷರವೂ ಇರುವುದರಿಂದ ಕಂಪ್ಯೂಟರ್ ಎಲ್ಲವನ್ನೂ ಅಕ್ಷರವೆಂದೇ ಓದಿ 1, 10, 11, 2 ಎಂದು ಜೋಡಿಸಿಬಿಡಬಹುದು. 1ರ ಕೆಳಗೆ 2 ಕಾಣದ ರೈತ ತನ್ನ ಪಾಲೇ ಹೋಯಿತೆಂದು ಗಾಬರಿಯಾಗುತ್ತಾನೆ. ಹಾಗೆಯೇ ಹಿಸ್ಸಾ ಆಗದ ಸರ್ವೆ ನಂಬರನ್ನೂ ತೆರೆದು ನೋಡಬೇಕು. ಒಳಗೆ ಏನೂ ಇಲ್ಲ ಎಂಬುದೂ ಒಂದು ಉತ್ತರವೇ. ಅದನ್ನು ಪರದೆ ಸ್ಪಷ್ಟವಾಗಿ ಹೇಳಬೇಕು.

ಎಲ್ಲಕ್ಕಿಂತ ಕಠಿಣ ಪರೀಕ್ಷೆಗೆ ಲಕ್ಷ್ಮೇಶ್ವರವೇ ಉದಾಹರಣೆ. ಸಂಸ್ಥಾನಗಳ ಕಾಲದಲ್ಲಿ ಲಕ್ಷ್ಮೇಶ್ವರ ಮಿರಜಕ್ಕೆ, ಶಿರಹಟ್ಟಿ ಸಾಂಗಲಿಗೆ ಸೇರಿದ್ದವು. ಆಮೇಲೆ ಎರಡೂ ಧಾರವಾಡ ಜಿಲ್ಲೆಗೆ ಬಂದವು. 1997ರಲ್ಲಿ ಗದಗ ಜಿಲ್ಲೆಯಾಯಿತು. ಆಗ ಶಿರಹಟ್ಟಿ ತಾಲ್ಲೂಕಿನೊಳಗಿದ್ದ ಲಕ್ಷ್ಮೇಶ್ವರ, ಮುಂದೆ ಹೊಸ ತಾಲ್ಲೂಕುಗಳು ರಚನೆಯಾದಾಗ ತಾನೇ ತಾಲ್ಲೂಕಾಯಿತು. ಮೇಲಿನ ಹೆಸರು ಇಷ್ಟು ಸಲ ಬದಲಾದರೂ ಅಲ್ಲಿನ ಎರೆಹೊಲ ಇದ್ದಲ್ಲೇ ಇದೆ. ಹೀಗೆ ಪಟ್ಟಿಯ ಒಂದು ಕೊಂಬೆಯನ್ನು ಕಿತ್ತು ಬೇರೆಡೆ ಕೂಡಿಸಿದಾಗ ಅದರ ಒಂದು ಹಳ್ಳಿಯೂ ಕಳೆಯಬಾರದು, ಒಂದು ಹಳ್ಳಿಯೂ ಎರಡು ಕಡೆ ಕಾಣಿಸಬಾರದು. ಬದಲಾವಣೆಗೆ ಮೊದಲು ಮತ್ತು ಆಮೇಲೆ ಹಳ್ಳಿಗಳನ್ನೂ ಸರ್ವೆ ನಂಬರುಗಳನ್ನೂ ಎಣಿಸಿ ತಾಳೆ ನೋಡುವುದು ಇಲ್ಲಿ ಬಿಡಲಾಗದ ಕೆಲಸ.

ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಕಾಲೇಜುಗಳಲ್ಲಿ ತಂತ್ರಾಂಶ ಕಲಿಯುತ್ತಿರುವ ಮಕ್ಕಳಿಗೆ ನನ್ನದೊಂದು ಮಾತು. ಪರೀಕ್ಷೆಗೆ ಎಬಿಸಿ ಎಂಬ ಸುಳ್ಳು ಹೆಸರುಗಳನ್ನು ತುಂಬಬೇಡಿ. ನಿಮ್ಮ ತಾಲ್ಲೂಕಿನ ಹೋಬಳಿ, ಹಳ್ಳಿಗಳ ಹೆಸರುಗಳನ್ನೇ ಹಾಕಿ. ಉದ್ದದ ಹೆಸರು, ಒತ್ತಕ್ಷರದ ಹೆಸರು, ಎರಡು ತಾಲ್ಲೂಕುಗಳಲ್ಲಿ ಒಂದೇ ಆಗಿರುವ ಹೆಸರು, ಎಲ್ಲವೂ ಇರಲಿ. ನಿಮ್ಮ ಹೆಸರುಗಳನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಇನ್ಯಾರೂ ಇಲ್ಲ. ತಪ್ಪು ಮೊದಲು ಕಾಣಬೇಕಾದದ್ದೂ ನಿಮ್ಮ ಕಣ್ಣಿಗೇ, ಉತಾರಕ್ಕೆ ಬಂದ ರೈತನ ಕಣ್ಣಿಗಲ್ಲ.